ಹನ್ನೊಂದು ಸಲ ಸತ್ತ ದೊಡ್ಡಮ್ಮ

"ಮೇಡಂ, ಈ ಹೆಂಗಸು ಹನ್ನೊಂದು ಸಲ ಸತ್ತಿದ್ದಾಳೆ," ಎಂದಳು ಪ್ರೋಗ್ರಾಮರ್.

ಅವಳು ಹೇಳಿದ ಧಾಟಿ ಕೇಳಿದರೆ ಯಾರೋ ಹನ್ನೊಂದು ದಿನ ರಜೆ ಹಾಕಿದ್ದಾರೆ ಅನ್ನಬೇಕು. ಅವಳ ಸ್ವಭಾವವೇ ಹಾಗೆ. ಎರಡು ಮಕ್ಕಳ ತಾಯಿ. ಒಂದು ಕಿವಿಗೆ ಫೋನ್ ಸಿಕ್ಕಿಸಿಕೊಂಡು ಮಗಳನ್ನು ಗದರುತ್ತಲೇ ಇಡೀ ರಾಜ್ಯದ ಕಾಯಿಲೆಗಳನ್ನು ಜಾಲಾಡಿಬಿಡುತ್ತಾಳೆ. ನಾನು ಟೀ ಲೋಟ ಪಕ್ಕಕ್ಕೆ ಸರಿಸಿ ಪರದೆಯತ್ತ ಬಗ್ಗಿದೆ.

ಗುಡ್ಡದ ಆಸ್ಪತ್ರೆಯಲ್ಲಿ ತೀರಿಕೊಂಡ ತನ್ನ ಗಂಡನ ಸಾವು ಯಾವ ಲೆಕ್ಕದಲ್ಲೂ ಇಲ್ಲವೆಂದು ಒಬ್ಬ ಬಡಗಿಯ ಹೆಂಡತಿ ನಮ್ಮ ಕಚೇರಿಗೆ ಬಂದು ಅತ್ತು ಹೋಗಿ ಆಗಲೇ ಮೂರು ವಾರ. ಆ ಬಡಗಿಯನ್ನು ನಾವು ಹುಡುಕುತ್ತಿದ್ದದ್ದು ಕಣಜದಲ್ಲಿ.

ಕಣಜಕ್ಕೆ ಸರ್ಕಾರ ಇಟ್ಟಿರುವ ಹೆಸರು ಒಂದೂವರೆ ಸಾಲು ಉದ್ದವಿದೆ, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ. ರಾಜ್ಯದಲ್ಲಿ ಯಾರು ಯಾವ ಆಸ್ಪತ್ರೆಗೆ ವಿಮೆಯ ಮೇಲೆ ಸೇರಿದರೂ ಅದರದ್ದೊಂದು ಸಾಲು ಇಲ್ಲಿಗೆ ಬಂದು ಬೀಳುತ್ತದೆ. ಏನು ಕಾಯಿಲೆ, ಏನು ಆಪರೇಷನ್, ಎಷ್ಟು ಖರ್ಚು, ಬದುಕಿದರೋ ಇಲ್ಲವೋ, ಎಲ್ಲವೂ. ಅದನ್ನೆಲ್ಲ ಕೂಡಿಸಿ ಕಳೆದು ಯಾವ ಆಸ್ಪತ್ರೆ ಒಳ್ಳೆಯದು, ಯಾವುದು ದುಬಾರಿ ಎಂದು ವರ್ಷಕ್ಕೊಂದು ವರದಿ ತರುತ್ತೇವೆ. ಈ ಸಲದ್ದು ನಾಳೆ ಶುಕ್ರವಾರ ಹೊರಬೀಳಬೇಕು. ಕೀಲು ಬದಲಿಸುವ ಆಪರೇಷನ್ನಿನಲ್ಲಿ ಮೊದಲ ಸ್ಥಾನ ಗುಡ್ಡದ ಆಸ್ಪತ್ರೆಗೆ. ಎರಡು ವರ್ಷದಲ್ಲಿ ಒಂದೂ ಸಾವಿಲ್ಲ.

ಬಡಗಿಯ ಹೆಂಡತಿ ಬರುವ ಮೊದಲು, ಆ ವರದಿಯ ಕರಡನ್ನು ನಂಬಿಯೇ ನಾನು ಅಕ್ಕನಿಗೆ ಹೇಳಿದ್ದೆ, "ಸೊಂಟದ ಕೀಲು ಹಾಕಿಸಿಕೊಳ್ಳೋದಾದ್ರೆ ಅಲ್ಲೇ ಹಾಕಿಸ್ಕೋ. ನಾನು ಕಣ್ಣಾರೆ ಅಂಕಿ ನೋಡಿದ್ದೀನಿ." ಅಕ್ಕ, "ನೀನು ಹೇಳಿದ ಮೇಲೆ ಆಯ್ತು," ಅಂದಿದ್ದಳು. ಬರುವ ಸೋಮವಾರಕ್ಕೆ ದಿನ ಗೊತ್ತಾಗಿತ್ತು.

"ನಂಬರ್ ಓದು," ಎಂದೆ.

ಓದಿದಳು. ಕೊನೆಯಲ್ಲಿ ನಾಲ್ಕು ಸೊನ್ನೆ.

ಆ ನಂಬರಿನ ಹೆಂಗಸನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ. ಅವಳು ನಮ್ಮ ದೊಡ್ಡಮ್ಮ.

ಅವಳು ಹುಟ್ಟೇ ಇಲ್ಲ.

*

ಆಗ ನಮ್ಮದು ಮೂರನೇ ಮಹಡಿಯ ಕೊನೆಯ ರೂಮು. ಗೋಡೆ ಕಾಣದಷ್ಟು ಕಡತಗಳು, ಕಟಕಟ ಸದ್ದು ಮಾಡುವ ಫ್ಯಾನು, ಸಂಜೆ ನಾಲ್ಕಕ್ಕೆ ಸರಿಯಾಗಿ ನನ್ನ ಮೇಜಿನ ಮೇಲೆ ಬೀಳುವ ಒಂದು ಚೌಕ ಬಿಸಿಲು. ಅಲ್ಲಿ ಇದ್ದದ್ದು ನಾಲ್ಕು ಜನ. ಹೆಡ್ ಸಾರ್, ಟೈಪಿಸ್ಟ್, ನನ್ನ ಅಕ್ಕ, ನಾನು. ನಾನು ಎಲ್ಲರಿಗಿಂತ ಚಿಕ್ಕವಳು, ಗಾತ್ರದಲ್ಲೂ. ಹಾಗಾಗಿ ಚುಕ್ಕಿ ಎಂದು ಹೆಸರಿಟ್ಟಿದ್ದರು. ನನಗೆ ಕೆಲಸ ಕೊಡಿಸಿದವಳೂ ಕಲಿಸಿದವಳೂ ಅಕ್ಕನೇ.

ಒಂದು ದಿನ ಕಂಪ್ಯೂಟರ್ ಬಂತು. ಮನೆಗೆ ಹಸುಗೂಸು ಬಂದ ಹಾಗೆ ನಾಲ್ಕೂ ಜನ ಸುತ್ತ ನಿಂತು ನೋಡಿದೆವು. ಚಪ್ಪಲಿ ಹೊರಗೆ ಬಿಡಬೇಕು ಎಂದು ಹೆಡ್ ಸಾರ್ ಅಪ್ಪಣೆ. ಧೂಳು ಕೂರಬಾರದೆಂದು ಅಕ್ಕ ಹಳೆಯ ಹೂಪರದೆ ಕತ್ತರಿಸಿ, ಗುಂಡಿ ಇಟ್ಟು, ಅದಕ್ಕೊಂದು ಹೊದಿಕೆ ಹೊಲಿದುಕೊಟ್ಟಳು.

"ನಿಜವಾದ ರೋಗಿಗಳ ಕಾಗದದ ಮೇಲೆ ನಿಮ್ಮ ಪ್ರಯೋಗ ಬೇಡ. ಒಬ್ಬಳು ಸುಳ್ಳು ರೋಗಿ ಮಾಡ್ಕೊಳ್ಳಿ, ಅವಳ ಮೇಲೆ ಕೈ ಪಳಗಿಸಿಕೊಳ್ಳಿ," ಅಂದರು ಹೆಡ್ ಸಾರ್.

ದೊಡ್ಡಮ್ಮ ಹುಟ್ಟಿದ್ದು ಹಾಗೆ. ವಯಸ್ಸು ಅರವತ್ತೆರಡು, ಕಿವಿ ಮಂದ, ಬಾಯಿ ಜೋರು. ಬಾಯಿ ಜೋರು ಎಂದು ತುಂಬಲು ಜಾಗವಿರಲಿಲ್ಲ, ಆದರೆ ನಮಗೆ ಗೊತ್ತಿತ್ತು. ದಿನಕ್ಕೊಂದು ಕಾಯಿಲೆ ಕೊಟ್ಟೆವು. ಅಪೆಂಡಿಕ್ಸನ್ನು ಮೂರು ಸಲ ತೆಗೆಸಿದೆವು. ಟೈಪಿಸ್ಟ್ ಕೈತಪ್ಪಿ ದೊಡ್ಡಮ್ಮನಿಗೆ ಅವಳಿ ಮಕ್ಕಳ ಹೆರಿಗೆ ಮಾಡಿಸಿದ ದಿನ ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಹೆಡ್ ಸಾರ್ ಮಾತ್ರ ಗಂಭೀರವಾಗಿ, "ಬಾಣಂತಿಗೆ ರೆಸ್ಟ್ ಕೊಡಿ, ಇವತ್ತು ಇನ್ನೇನೂ ತುಂಬಬೇಡಿ," ಅಂದಿದ್ದರು.

ಎಷ್ಟು ಚೆನ್ನಾಗಿತ್ತು ಆ ರೂಮು. ಈಗಿನ ಎ.ಸಿ. ಹಾಲಿನಲ್ಲಿ ಕೂತೂ ಸಂಜೆ ನಾಲ್ಕಕ್ಕೆ ಮೇಜಿನ ಮೇಲೆ ಆ ಬಿಸಿಲನ್ನು ಹುಡುಕುತ್ತೇನೆ.

ಎಲ್ಲ ಕಚೇರಿಗಳ ಕಡತವೂ ಸೇರಿ ಕಣಜವಾದಾಗ ದೊಡ್ಡಮ್ಮನೂ ಅದರೊಳಗೆ ಹೋದಳು. ಅಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಅದರ ಬದಲು ಹೆಡ್ ಸಾರ್ ವರದಿಯ ಪ್ರೋಗ್ರಾಮಿಗೆ ಒಂದು ನಿಯಮ ಸೇರಿಸಿದರು. ಈ ನಂಬರಿನವಳನ್ನು ಬಿಟ್ಟು ಎಣಿಸಿ, ಅಷ್ಟೇ. ಆ ನಿಯಮವನ್ನು ಇವತ್ತಿನವರೆಗೂ ಯಾರೂ ಮುಟ್ಟಿಲ್ಲ.

*

"ಅಂದ್ರೆ ಈ ನಂಬರ್ ಮೇಲೆ ಯಾರು ಸತ್ರೂ ವರದಿಗೆ ಬರಲ್ಲ," ಎಂದಳು ಪ್ರೋಗ್ರಾಮರ್. ಈಗ ಕಿವಿಯಿಂದ ಫೋನ್ ತೆಗೆದಿಟ್ಟಿದ್ದಳು. "ಆದ್ರೆ ವಿಮೆಯವರಿಗೆ ಗೊತ್ತಾಗ್ಬೇಕಲ್ಲ ಮೇಡಂ?"

"ದುಡ್ಡು ಕೊಡೋರು ಪಾಲಿಸಿ ನಂಬರ್ ನೋಡ್ತಾರೆ. ನಾವು ಎಣಿಸೋದು ವ್ಯಕ್ತಿ ನಂಬರ್. ಅದನ್ನ ತುಂಬೋದು ಆಸ್ಪತ್ರೆಯವರೇ."

ಒಟ್ಟು ಇಪ್ಪತ್ತೇಳು ಸಾಲು ಸಿಕ್ಕಿದವು. ಎಲ್ಲವೂ ಗುಡ್ಡದ ಆಸ್ಪತ್ರೆಯವು, ಎಲ್ಲವೂ ಕಳೆದ ಎರಡು ವರ್ಷದವು. ಒಂದು ಸಾಲಿನಲ್ಲಿ ದೊಡ್ಡಮ್ಮ ಎಪ್ಪತ್ತೊಂದರ ಗಂಡಸು. ಇನ್ನೊಂದರಲ್ಲಿ ನಲವತ್ತೊಂಬತ್ತರ ಹೆಂಗಸು. ಹದಿನೆಂಟನೆಯ ಸಾಲಿನಲ್ಲಿ ಐವತ್ತೆಂಟರ ಗಂಡಸು, ಎಡ ಮಂಡಿ. ಹೆಂಡತಿ ಹೇಳಿದ್ದಕ್ಕೆಲ್ಲ ತಾಳೆಯಾಯಿತು, ನಮ್ಮ ಬಡಗಿ ಸಿಕ್ಕಿದ. ಇಪ್ಪತ್ತೇಳರಲ್ಲಿ ಹದಿನಾರು ಜನ ಮನೆಗೆ ಹೋಗಿದ್ದರು, ಹನ್ನೊಂದು ಜನ ಹೋಗಿರಲಿಲ್ಲ.

"ವಿಚಿತ್ರ ಅಂದ್ರೆ, ಸತ್ತ ಮೇಲೆ ನಂಬರ್ ಬದಲಾಯಿಸಿಲ್ಲ. ಆಪರೇಷನ್ನಿಗೆ ಮೊದಲು ವಿಮೆಯವರ ಅನುಮತಿ ಕೇಳುವಾಗಲೇ ಈ ನಂಬರ್ ಹಾಕಿದ್ದಾರೆ," ಎಂದಳು ಅವಳು. "ಇನ್ನೊಂದು. ಕೊನೇ ಕಾಲಂ ನೋಡಿ. ಷರಾ ಅಂತ ಇದೆಯಲ್ಲ, ಅದನ್ನ ಯಾರೂ ತುಂಬೋದಿಲ್ಲ. ಇವರು ಮಾತ್ರ ಇಪ್ಪತ್ತೇಳರಲ್ಲೂ ಎರಡು ಅಡ್ಡಗೀಟು ಹಾಕಿದ್ದಾರೆ."

ನಾನು ಪರದೆಯ ಮೇಲೆ ಬೆರಳಿಟ್ಟು ಇಪ್ಪತ್ತೇಳನ್ನೂ ಎಣಿಸಿದೆ.

ಹಳೆಯ ಆ ಕಂಪ್ಯೂಟರಿಗೆ ಒಂದು ಕೆಟ್ಟ ಚಾಳಿಯಿತ್ತು. ಕೊನೆಯ ಕಾಲಂ ಖಾಲಿ ಬಿಟ್ಟರೆ ಇಡೀ ಸಾಲನ್ನೇ ನುಂಗಿಬಿಡುತ್ತಿತ್ತು. ಹಾಗಾಗಿ ಒಬ್ಬೊಬ್ಬರೂ ಒಂದೊಂದು ಗುರುತು ಹಾಕಬೇಕೆಂದು ಹೆಡ್ ಸಾರ್ ಕಟ್ಟುಮಾಡಿದರು. ಅವರದ್ದು ಸಮ ಚಿಹ್ನೆ. ಟೈಪಿಸ್ಟ್‌ದು ಪೂರ್ಣವಿರಾಮ. ನನ್ನದು, ಹೆಸರಿಗೆ ತಕ್ಕಂತೆ, ಒಂದು ನಕ್ಷತ್ರ. ಅದರಲ್ಲೇ ನಮ್ಮದೊಂದು ಪದ್ಧತಿಯೂ ಬೆಳೆಯಿತು. ಯಾರಾದರೂ ಅರ್ಧಕ್ಕೆ ಎದ್ದು ಹೋಗಬೇಕಾದರೆ, ಕೊನೆಯ ಸಾಲಿಗೆ ತನ್ನ ಗುರುತಿನ ಬದಲು ಇನ್ನೊಬ್ಬರ ಗುರುತು ಹಾಕಿ ಹೋಗುವುದು. ಮಿಕ್ಕಿದ್ದು ನೀನು ನೋಡಿಕೋ ಎಂದು ಅರ್ಥ. ಬೆಳಿಗ್ಗೆ ಬಂದು ನಕ್ಷತ್ರ ಕಂಡರೆ ನಾನು ಮರುಮಾತಿಲ್ಲದೆ ಕೂತು ಮುಗಿಸುತ್ತಿದ್ದೆ.

ಎರಡು ಅಡ್ಡಗೀಟು ಅಕ್ಕನ ಗುರುತು.

ಪ್ರೋಗ್ರಾಮರಿಗೆ ಇದನ್ನು ಹೇಳಲಿಲ್ಲ. ಅಕ್ಕನ ಗುರುತು ಬಲ್ಲವರು ಇನ್ನಿಬ್ಬರಿದ್ದರು. ಟೈಪಿಸ್ಟ್ ತೀರಿಕೊಂಡು ಐದು ವರ್ಷವಾಯಿತು, ನಾವು ಮೂವರೂ ಹೋಗಿ ಮಣ್ಣು ಹಾಕಿ ಬಂದಿದ್ದೆವು. ಉಳಿದವರು ಹೆಡ್ ಸಾರ್. ಇದು ಅವರ ಕೈವಾಡವೇ ಆಗಿರಲಿ ಎಂದು ನಾನು ಮನಸಾರೆ ಹಾರೈಸಿದೆ. ಮೂವತ್ತು ವರ್ಷ ಗೌರವಿಸಿದ ಮನುಷ್ಯನ ಬಗ್ಗೆ ಹಾಗೆ ಹಾರೈಸಲು ನಾಚಿಕೆಯಾಯಿತು. ಆದರೂ ಹಾರೈಸಿದೆ.

ಇಪ್ಪತ್ತೇಳು ಸಾಲನ್ನೂ ಅಚ್ಚು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ.

"ಊಟ ಮೇಡಂ?"

"ಬಂದು ಮಾಡ್ತೀನಿ. ನೀನು ಆ ನಂಬರ್ ಮೇಲೆ ಕಣ್ಣಿಟ್ಟಿರು. ಹೊಸ ಸಾಲು ಬಿದ್ರೆ ತಕ್ಷಣ ಫೋನ್ ಮಾಡು."

*

ಹೆಡ್ ಸಾರ್ ಬಾಗಿಲು ತೆಗೆದರು. ಎಪ್ಪತ್ತಾರರಲ್ಲೂ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು, ಒಂದು ನೀಲಿ.

"ಏನಮ್ಮ ಚುಕ್ಕಿ, ದಾರಿ ತಪ್ಪಿ ಬಂದ್ಯಾ? ಬಾ ಬಾ, ಒಳಗೆ ಬಾ."

ಆ ದನಿ ಕೇಳಿದ್ದೇ ನಾನು ಮತ್ತೆ ಇಪ್ಪತ್ತೆರಡರ ಹುಡುಗಿಯಾಗಿಬಿಟ್ಟೆ. ಚಪ್ಪಲಿ ಹೊರಗೆ ಬಿಟ್ಟೆ. ಗೋಡೆಯ ಮೇಲೆ ಅದೇ ಫೋಟೋ ಇತ್ತು. ಕಂಪ್ಯೂಟರಿನ ಸುತ್ತ ನಾಲ್ಕು ಜನ, ಅಕ್ಕನ ಕೈ ನನ್ನ ಭುಜದ ಮೇಲೆ. ಮೂಲೆಯ ಮೇಜಿನ ಮೇಲೆ, ಬಣ್ಣ ಮಾಸಿದ ಹೂಪರದೆಯ ಹೊದಿಕೆ. ಗುಂಡಿಗಳೂ ಹಾಗೇ ಇದ್ದವು.

"ಇದನ್ನ ಇನ್ನೂ ಇಟ್ಕೊಂಡಿದ್ದೀರಾ ಸಾರ್!"

"ನಿಮ್ಮಕ್ಕನ ಹೊಲಿಗೆ. ಹರಿಯೋದೇ ಇಲ್ಲ ನೋಡು."

ಕಣ್ಣು ತುಂಬಿ ಬಂತು. ಹತ್ತಿರ ಹೋಗಿ ಅದನ್ನು ಮುಟ್ಟಿದೆ. ಒಳಗೆ ಏನೋ ಚಪ್ಪಟೆಯಾಗಿ, ಬೆಚ್ಚಗೆ ಇತ್ತು. ಗುಂಡಿ ಬಿಚ್ಚಿದೆ. ಹೆಡ್ ಸಾರ್ ತಡೆಯಲು ಕೈ ಚಾಚಿ ಅರ್ಧಕ್ಕೇ ನಿಲ್ಲಿಸಿದರು.

ಒಳಗಿದ್ದದ್ದು ಹೊಸ ಲ್ಯಾಪ್‌ಟಾಪ್. ಮುಚ್ಚಳದ ಮೇಲೆ ಗುಡ್ಡದ ಆಸ್ಪತ್ರೆಯ ಸ್ಟಿಕ್ಕರ್.

ಗುಂಡಿಗಳನ್ನು ಮತ್ತೆ ಹಾಕಿದೆ.

"ದೊಡ್ಡಮ್ಮ ಹೇಗಿದ್ದಾಳೆ ಸಾರ್?" ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಅವರ ಮುಖ ಸಪ್ಪಗಾಗಿತ್ತು, ಆದರೆ ದನಿ ನಡುಗಲಿಲ್ಲ.

"ಒಂದಲ್ಲ ಒಂದು ದಿನ ನೀನೇ ಬರ್ತೀಯ ಅಂತ ಗೊತ್ತಿತ್ತು. ಕೂತ್ಕೋ. ಬೈಯೋದಿದ್ರೆ ಕೂತ್ಕೊಂಡು ಬೈ."

"ಅಕ್ಕನ ಗುರುತು ನೀವು ಯಾಕೆ ಹಾಕಿದ್ರಿ?"

"ನಾನು ಹಾಕಿಲ್ಲಮ್ಮ. ಎರಡು ವರ್ಷದಿಂದ ಅವಳು ಮನೇಲಿ ಕೂತು ಗುಡ್ಡದ ಆಸ್ಪತ್ರೆಗೆ ಕ್ಲೇಮ್ ತುಂಬಿಕೊಡ್ತಾ ಇದ್ದಾಳೆ. ಕೆಲಸ ಕೊಡಿಸಿದ್ದು ನಾನು. ನಿನಗೆ ಹೇಳಬೇಡಿ ಅಂದಿದ್ಲು. ಆಸ್ಪತ್ರೆಯಿಂದ ನನಗೆ ವಾರಕ್ಕೊಂದು ಪಟ್ಟಿ ಬರುತ್ತೆ, ನಾನು ಅವಳಿಗೆ ಕಳಿಸ್ತೀನಿ. ಯಾವ್ಯಾವ ಹೆಸರಿಗೆ ಯಾವ ನಂಬರ್ ಅಂತ ಅದರಲ್ಲೇ ಇರುತ್ತೆ."

ನಾನು ಕೂತೆ.

"ದೊಡ್ಡಮ್ಮನ ನಂಬರ್ ಅವರಿಗೆ ಕೊಟ್ಟೋರು ಯಾರು?"

"ನಾನೇ." ಹೆಡ್ ಸಾರ್ ನನ್ನ ಕಣ್ಣು ತಪ್ಪಿಸಲಿಲ್ಲ. "ನಿಮ್ಮ ವರದಿಗೆ ಒಂದು ದೊಡ್ಡ ರೋಗ ಇದೆ ಚುಕ್ಕಿ. ಸಾವು ಎಣಿಸ್ತೀರಿ. ಎಣಿಸಿದ್ರೆ ಆಸ್ಪತ್ರೆಯವರು ಏನ್ ಮಾಡ್ತಾರೆ? ಹೃದಯ ವೀಕ್ ಇರೋರನ್ನ, ಸಕ್ಕರೆ ಕಾಯಿಲೆ ಇರೋರನ್ನ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಸತ್ರೆ ಹೆಸರು ಕೆಡುತ್ತೆ ಅಂತ. ಎಷ್ಟು ಜನ ಮಂಡಿ ಹಿಡ್ಕೊಂಡು ಊರೆಲ್ಲ ಅಲೆದಿದ್ದಾರೆ ಗೊತ್ತಾ? ಅಂಥೋರನ್ನ ನಾವು ತಗೋತೀವಿ, ಆದ್ರೆ ಲೆಕ್ಕಕ್ಕೆ ಬರಬಾರದು ಅಂದ್ರು ಆಸ್ಪತ್ರೆಯವರು. ನಾನು ದೊಡ್ಡಮ್ಮನ್ನ ಕೊಟ್ಟೆ. ಹದಿನಾರು ಜನ ಇವತ್ತು ನಡೆದಾಡ್ತಾ ಇದ್ದಾರೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಕಾಗದದಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದ ಮನುಷ್ಯ ಇವರು.

"ಉಳಿದ ಹನ್ನೊಂದು ಜನ?"

"ವೀಕ್ ಇದ್ದೋರು. ಅಪಾಯ ಇದ್ದೇ ಇತ್ತು. ಅವರಿಗೂ ಗೊತ್ತಿತ್ತು."

ಚೀಲದಿಂದ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಆ ರೂಮಿನಲ್ಲಿ ಕಲಿತ ಅಭ್ಯಾಸ ಸುಮ್ಮನೆ ಹೋಗುವುದಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು, ಪ್ರತಿ ತಾರೀಖಿನ ಪಕ್ಕ ಅದು ಯಾವ ವಾರ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಕೈಗೆ ಕೆಲಸವಿದ್ದರೆ ತಲೆ ಕೆಡುವುದಿಲ್ಲ ಎಂದು ಹಾಕಿದ್ದು, ಅಷ್ಟೇ.

"ಓದಿ ಸಾರ್. ಮನೆಗೆ ಹೋದ ಹದಿನಾರು ಜನಕ್ಕೆ ಆಪರೇಷನ್ ಯಾವಾಗ ಆಗಿದೆ?"

ಅವರು ಕೆಂಪು ಪೆನ್ನು ತೆಗೆದು, ಹಳೆಯ ಶೈಲಿಯಲ್ಲೇ ಸಾಲು ಸಾಲಾಗಿ ಟಿಕ್ ಹಾಕುತ್ತ ಓದಿದರು. "ಸೋಮವಾರ... ಬುಧವಾರ... ಶನಿವಾರ... ಮತ್ತೆ ಸೋಮವಾರ..."

"ಈಗ ಸತ್ತ ಹನ್ನೊಂದು."

"ಗುರುವಾರ," ಎಂದರು. ಮುಂದಿನದಕ್ಕೆ ಹೋದರು. "ಗುರುವಾರ." ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವರ ದನಿ ಇಳಿದಿತ್ತು. ಹನ್ನೊಂದನೆಯದನ್ನು ಬಾಯಿಬಿಟ್ಟು ಓದಲೇ ಇಲ್ಲ.

"ಹೃದಯ ವೀಕ್ ಇದ್ದೋರು ಹದಿನಾರು ಜನದಲ್ಲೂ ಇದ್ರು ತಾನೆ ಸಾರ್? ಗುರುವಾರ ಹೋದೋರು ಮಾತ್ರ ಯಾಕೆ ಸತ್ರು? ವೀಕ್ ಹೃದಯಕ್ಕೆ ಇವತ್ತು ಯಾವ ವಾರ ಅಂತ ಹೇಗೆ ಗೊತ್ತಾಗುತ್ತೆ?"

"ಗುರುವಾರ ಆಪರೇಷನ್ ಥಿಯೇಟರಿನಲ್ಲಿ ಯಾರಿರ್ತಾರೆ..." ಎಂದು ತಮ್ಮಷ್ಟಕ್ಕೇ ಗೊಣಗಿದರು. "ನಾನು ವಾರ ನೋಡೇ ಇಲ್ಲ. ನಂಬರ್ ಮಾತ್ರ ನೋಡಿದೆ. ಅಯ್ಯೋ ಚುಕ್ಕಿ, ನಾನು ನಂಬರ್ ಮಾತ್ರ ನೋಡ್ದೆ."

ಪೆನ್ನು ಕೈಯಿಂದ ಜಾರಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ಗುರುವಾರದ ಕಡೆ ನೋಡಿದರು, ಆಮೇಲೆ ಗಡಿಯಾರದ ಕಡೆ, ಆಮೇಲೆ ನನ್ನ ಕಡೆ. ಆ ನೋಟದಲ್ಲಿ ಇದ್ದದ್ದು ಬರೀ ಭಯ.

"ಇವತ್ತು ಬೆಳಿಗ್ಗೆ ಅವಳು ನಿನಗೆ ಏನೂ ಹೇಳ್ಲಿಲ್ವಾ?"

"ಯಾರು?"

"ನಿಮ್ಮಕ್ಕ."

ಬೆಳಿಗ್ಗೆ ಎಂಟೂಕಾಲಿಗೆ, ದಿನದಂತೆ, ಅಕ್ಕ ಫೋನ್ ಮಾಡಿದ್ದಳು. ತಿಂಡಿ ಆಯ್ತಾ, ಕನ್ನಡಕ ಸರಿಮಾಡಿಸಿಕೊಂಡ್ಯಾ, ಇಷ್ಟೇ ಮಾತು. ಫೋನ್ ಇಡುವುದರಲ್ಲಿ ಯಾವತ್ತೂ ಅವಳೇ ಮೊದಲು, ನನ್ನ ಮಾತು ಮುಗಿಯುವ ಮುಂಚೆಯೇ ಇಟ್ಟುಬಿಡುತ್ತಾಳೆ. ಇವತ್ತು ಇಟ್ಟಿರಲಿಲ್ಲ. ಆಫೀಸಿಗೆ ಹೊತ್ತಾಯಿತೆಂದು ನಾನೇ ಇಟ್ಟಿದ್ದೆ.

"ಸೋಮವಾರದ್ದನ್ನ ಇವತ್ತಿಗೇ ತಂದ್ರು ಅಂತ ಹೇಳಿದ್ಲು ನನಗೆ. ಒಂಬತ್ತು ಗಂಟೆಗೆ ಆಸ್ಪತ್ರೆ ಕಾರು ಬಂದು ಕರ್ಕೊಂಡು ಹೋಯ್ತು," ಎಂದರು ಹೆಡ್ ಸಾರ್. "ನಾಲ್ಕು ಗಂಟೆಗೆ ಆಪರೇಷನ್. ಅವಳಿಗೂ ಹೃದಯ ಸ್ವಲ್ಪ... ಅದನ್ನೂ ಹೇಳಿಲ್ವಾ ನಿನಗೆ?"

ಗಡಿಯಾರದಲ್ಲಿ ಎರಡೂವರೆ ದಾಟಿತ್ತು.

ನಾನು ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದೆ. ಅಕ್ಕನಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದೆ. ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಫೋನ್ ತಾನಾಗಿ ಬಡಿದುಕೊಂಡಿತು.

ಪ್ರೋಗ್ರಾಮರ್.

"ಮೇಡಂ, ಆ ನಂಬರ್ ಮೇಲೆ ಹೊಸ ಸಾಲು ಬಂದಿದೆ. ಇಪ್ಪತ್ತೆಂಟನೇದು. ಹೆಂಗಸು, ವಯಸ್ಸು ಅರವತ್ತೊಂದು, ಬಲ ಸೊಂಟ. ತುಂಬಿದ್ದು ಬೆಳಿಗ್ಗೆ ಎಂಟೂವರೆಗೆ, ಕಣಜಕ್ಕೆ ಬಂದು ಬಿದ್ದದ್ದು ಈಗ."

ನಾನು ಫೋನ್ ಇಟ್ಟ ಹದಿನೈದು ನಿಮಿಷಕ್ಕೆ. ಕಾರು ಬರುವ ಅರ್ಧ ಗಂಟೆ ಮೊದಲು. ಅಕ್ಕ ತನ್ನ ಸಾಲನ್ನು ತಾನೇ ಕೂತು ತುಂಬಿದ್ದಳು. ನಾವು ಹೆಸರಿಟ್ಟು, ನಕ್ಕು, ಬೆಳೆಸಿದ ದೊಡ್ಡಮ್ಮನ ನಂಬರಿನಲ್ಲಿ. ಸತ್ತರೆ ಯಾರೂ ಎಣಿಸದ ನಂಬರಿನಲ್ಲಿ.

"ಷರಾ ಕಾಲಂನಲ್ಲಿ?" ಎಂದೆ. "ಎರಡು ಅಡ್ಡಗೀಟು ತಾನೆ?"

ಈಗಿನ ಕಂಪ್ಯೂಟರುಗಳು ಯಾವ ಸಾಲನ್ನೂ ನುಂಗುವುದಿಲ್ಲ. ಗುರುತು ಹಾಕುವ ಅಗತ್ಯ ಎಂದೋ ಮುಗಿದಿದೆ. ಅಕ್ಕನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಆದರೂ ಎರಡು ವರ್ಷದಿಂದ, ಇಪ್ಪತ್ತೇಳು ಸಲ, ನಾನು ನೋಡುವ ಕಣಜದಲ್ಲಿ ಅವಳು ತನ್ನ ಗುರುತು ಹಾಕುತ್ತಲೇ ಇದ್ದಳು. ನಾನು ನೋಡಿರಲಿಲ್ಲ.

"ಇಲ್ಲ ಮೇಡಂ, ಈ ಸಲ ಬೇರೆ ಇದೆ," ಎಂದಳು ಪ್ರೋಗ್ರಾಮರ್.

"ಏನು?"

"ಒಂದು ನಕ್ಷತ್ರ."